ರಾಜ್ಯೋತ್ಸವದ ದಿನ ಬೀಜ ಹಾಕಿರಿ

(ಸಂಘದ ಅಕ್ಟೋಬರ್ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಬೇಸಾಯದ ವಿಷಯವಾಗಿ ತಮ್ಮ ಮುಂದೆ ನಿಂತು ಮಾತನಾಡಲು ನನಗೆ ಇರತಕ್ಕ ಅರ್ಹತೆ ಬಿ.ಕಾಂ. ಪದವಿಯೊಂದೇ. ಹಗಲೆಲ್ಲ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಠೇವಣಿಗಳ ವಾಯಿದೆ ನೋಡುವುದು ನನ್ನ ಕೆಲಸ. ವಿಜಯವಾಡದಲ್ಲಿ ಮೂರು ವರ್ಷ, ಈ ವಿಶಾಖಪಟ್ಟಣದಲ್ಲಿ ನಾಲ್ಕು ವರ್ಷ, ಬಾಡಿಗೆ ಮನೆಗಳ ಬಾಲ್ಕನಿ ಮತ್ತು ಮಾಳಿಗೆಯ ಮೇಲೆ ತರಕಾರಿ ಬೆಳೆದ ಮೇಲೆ ನನಗೆ ತಿಳಿದುಬಂದ ಸಂಗತಿ ಏನೆಂದರೆ, ಈ ಕಡಲ ಸೀಮೆಯಲ್ಲಿ ಕೈತೋಟವೂ ವಾಯಿದೆಯ ವ್ಯವಹಾರವೇ. ಮಣ್ಣು, ಗೊಬ್ಬರ, ಕೈಗುಣ ಇವೆಲ್ಲ ಆಮೇಲಿನ ಮಾತು. ತಾರೀಖು ತಪ್ಪಿದರೆ ಎಂಥ ಒಳ್ಳೆಯ ಬೀಜವೂ ಬಡ್ಡಿಯಿರಲಿ, ಅಸಲನ್ನೂ ಹಿಂದಿರುಗಿಸುವುದಿಲ್ಲ.

ನಮ್ಮ ಮನೆಗಳಲ್ಲಿ ಒಂದು ದೂರು ಉಂಟು. ಬೇಸಿಗೆಯ ರಜಕ್ಕೆ ಊರಿಗೆ ಹೋದವರು ತವರುಮನೆಯಿಂದಲೋ ಪೇಟೆಯಿಂದಲೋ ಬೀಜದ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಾರೆ. ಊರಿನಲ್ಲಿ ಹಾಕುವಂತೆ ಇಲ್ಲಿಯೂ ಮನಸ್ಸು ಬಂದ ತಿಂಗಳು ಹಾಕುತ್ತಾರೆ. ಗಿಡವೇನೋ ಸೊಂಪಾಗಿ ಏಳುತ್ತದೆ, ಹೂವೂ ಬಿಡುತ್ತದೆ. ಆಮೇಲೆ ಹೂವೆಲ್ಲ ನೆಲಕ್ಕೆ. "ಈ ಊರ ಮಣ್ಣಿಗೆ ನಮ್ಮ ಬೀಜ ಒಗ್ಗುವುದಿಲ್ಲ" ಎಂದು ತೀರ್ಪು ಹೇಳಿ ಕುಂಡವನ್ನು ಮೂಲೆಗೆ ತಳ್ಳುತ್ತಾರೆ. ಇದು ಮಣ್ಣಿಗೆ ಮಾಡುವ ಅನ್ಯಾಯ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಊರು. ಅಲ್ಲಿ ಏಪ್ರಿಲ್ ತಿಂಗಳಲ್ಲಿ ಸಹ ರಾತ್ರಿಯ ಶಾಖ ೨೨ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಇಲ್ಲಿ ಅದೇ ಏಪ್ರಿಲ್ ರಾತ್ರಿ ೨೬ರ ಹತ್ತಿರ. ಟೊಮೇಟೊ ಗಿಡಕ್ಕೆ ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆಯೇ ಹೆಚ್ಚು ಹಾನಿ. ರಾತ್ರಿ ೨೩-೨೪ ಡಿಗ್ರಿಯ ಮೇಲೆ ಹೋಯಿತೆಂದರೆ ಹೂವು ಕಾಯಿಕಚ್ಚುವುದು ಕುಗ್ಗುತ್ತದೆ. ಹುರುಳಿಕಾಯಿಯದೂ ಬಹುಮಟ್ಟಿಗೆ ಇದೇ ಸ್ವಭಾವ. ಆದುದರಿಂದ ಬೆಂಗಳೂರು, ಮೈಸೂರು, ಧಾರವಾಡಗಳ ತರಕಾರಿ ಈ ಸೀಮೆಯಲ್ಲಿ ಆಗಬೇಕಾದರೆ ರಾತ್ರಿಗಳು ತಣ್ಣಗಿರುವ ತಿಂಗಳುಗಳಲ್ಲೇ ಆಗಬೇಕು. ಅಂಥ ತಿಂಗಳುಗಳು ನಮಗೆ ಇರುವುದು ಡಿಸೆಂಬರು, ಜನವರಿ, ಸ್ವಲ್ಪ ಫೆಬ್ರವರಿ. ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಓಡುತ್ತದೆಂದು ನಮ್ಮ ಕಡೆ ಹೇಳುತ್ತಾರೆ. ಇಲ್ಲಿ ಅದು ಸಂಕ್ರಾಂತಿ ಕಳೆಯುತ್ತಲೇ ಗಂಟುಮೂಟೆ ಕಟ್ಟತೊಡಗುತ್ತದೆ.

ಈಗ ವಾಯಿದೆಯ ಲೆಕ್ಕಕ್ಕೆ ಬರೋಣ. ಟೊಮೇಟೊ ಬೀಜ ಸಸಿಮಡಿಯಲ್ಲಿ ಸುಮಾರು ೨೮ ದಿನ ಇರಬೇಕು. ನಾಟಿ ಮಾಡಿದ ಮೇಲೆ ಒಂದು ತಿಂಗಳಿಗೆ ಹೂವು, ೬೫ ದಿನದ ಸುಮಾರಿಗೆ ಮೊದಲ ಹಣ್ಣು. ನವೆಂಬರ್ ೧ರಂದು ಬೀಜ ಹಾಕಿದರೆ ನಾಟಿ ೨೯ಕ್ಕೆ, ಹೂವು ಡಿಸೆಂಬರಿನ ಕಡೆಯ ವಾರಕ್ಕೆ, ಅಂದರೆ ವರ್ಷದಲ್ಲೆಲ್ಲ ಅತಿ ತಂಪಾದ ರಾತ್ರಿಗಳಿಗೆ ಸರಿಯಾಗಿ. ಹಣ್ಣು ಫೆಬ್ರವರಿ ಆರಂಭಕ್ಕೆ. ಅಲ್ಲಿಂದ ಐದಾರು ವಾರ ಕೊಯ್ಲು. ಅದೇ ಬೀಜವನ್ನು ಹೊಸ ವರ್ಷದ ಉತ್ಸಾಹದಲ್ಲಿ ಜನವರಿ ೧ರಂದು ಹಾಕಿದರೆ ಹೂವು ಬರುವುದು ಮಾರ್ಚಿಗೆ. ಅದರ ಗತಿ ಏನೆಂದು ಆಗಲೇ ಅರಿಕೆ ಮಾಡಿದ್ದೇನೆ. ಎರಡು ತಿಂಗಳ ಅಂತರ. ಬೀಜ ಒಂದೇ, ಮಣ್ಣು ಒಂದೇ, ನೀರು ಹೊಯ್ಯುವ ಕೈಯೂ ಒಂದೇ.

ಆದುದರಿಂದ ನನ್ನ ಸೂಚನೆ ಇಷ್ಟೆ: ನೆನಪಿಗೆ ಬೇರೆ ಪಂಚಾಂಗ ಬೇಡ, ರಾಜ್ಯೋತ್ಸವವೇ ನಮ್ಮ ಬಿತ್ತನೆಯ ದಿನವಾಗಲಿ. ೧೯೫೬ರ ನವೆಂಬರ್ ೧ರಂದೇ ಅತ್ತ ವಿಶಾಲ ಮೈಸೂರು ರಾಜ್ಯವೂ ಇತ್ತ ಆಂಧ್ರಪ್ರದೇಶವೂ ರೂಪುಗೊಂಡವು. ನಮ್ಮ ಬೀಜವನ್ನು ಅವರ ಮಣ್ಣಿಗೆ ಹಾಕಲು ಇದಕ್ಕಿಂತ ಒಪ್ಪುವ ತಿಥಿ ಯಾವುದು? ಈ ಭಾಷಣ ಅಚ್ಚಾಗಿ ತಮ್ಮ ಕೈಸೇರುವ ಹೊತ್ತಿಗೆ ಆ ದಿನವೇ ಬಂದಿರುತ್ತದೆ. ನಾಲ್ಕು ದಿನ ಹೆಚ್ಚು ಕಡಮೆಯಾದರೆ ಬಾಧಕವಿಲ್ಲ. ನವೆಂಬರ್ ೧೫ ದಾಟಿಸಬೇಡಿ.

ಹಾಗಾದರೆ ಇನ್ನೂ ಮುಂಚೆ, ದಸರೆಗೇ ಏಕೆ ಹಾಕಬಾರದು ಎಂದು ಕೇಳಬಹುದು. ಕೇಳುವವರು ಈ ಊರಿಗೆ ಹೊಸಬರಿರಬೇಕು. ೨೦೧೪ರ ಅಕ್ಟೋಬರ್ ೧೨ರಂದು ಹುದ್‌ಹುದ್ ಚಂಡಮಾರುತ ನೇರವಾಗಿ ವಿಶಾಖಪಟ್ಟಣದ ಮೇಲೆಯೇ ದಡ ಹತ್ತಿತು. ಮರಗಳೇ ನಿಲ್ಲದ ಕಡೆ ನಮ್ಮ ಸಸಿಗಳ ಪಾಡೇನು? ೨೦೨೩ರಲ್ಲಿ ಮಿಚೌಂಗ್ ಬಂದು ಬಾಪಟ್ಲದ ಬಳಿ ನೆಲ ಮುಟ್ಟಿದ್ದು ಡಿಸೆಂಬರ್ ೫ರಂದು. ಅಂದಮೇಲೆ ನವೆಂಬರ್ ಒಂದಕ್ಕೆ ಹಾಕಿದರೂ ಅಪಾಯ ಪೂರ್ತಿ ತಪ್ಪಿತೆಂದು ಹೇಳಲಾರೆ. ಅದಕ್ಕಾಗಿಯೇ ಈ ಸೀಮೆಯಲ್ಲಿ ಸಸಿಮಡಿ ಎಂಬುದು ಎತ್ತಿಕೊಂಡು ಓಡಾಡತಕ್ಕ ವಸ್ತುವಾಗಿರಬೇಕು. ಊರಿನಲ್ಲಿ ಒಟ್ಲು ಪಾತಿಯನ್ನು ನೆಲದ ಮೇಲೆ ಮಾಡುತ್ತಿದ್ದರು. ಇಲ್ಲಿ ತಟ್ಟೆಯಲ್ಲಿ, ಬುಟ್ಟಿಯಲ್ಲಿ, ಹಣ್ಣಿನ ಅಂಗಡಿಯವರು ಎಸೆಯುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಾಡಿರಿ. ವಾಯುಭಾರ ಕುಸಿತದ ಸುದ್ದಿ ರೇಡಿಯೋದಲ್ಲೋ ಫೋನಿನಲ್ಲೋ ಬಂದ ಕೂಡಲೇ ಪೆಟ್ಟಿಗೆ ಮಂಚದ ಕೆಳಗೆ. ನಾಟಿಗೆ ಸಿದ್ಧವಾದ ಸಸಿಯನ್ನು ಐದಾರು ದಿನ ತಡೆದು ನೆಟ್ಟರೆ ನಷ್ಟವಿಲ್ಲ. ನೆಟ್ಟ ಮೂರನೆಯ ದಿನ ಕಡಲಗಾಳಿ ಹೊಡೆದರೆ ಉಳಿಯುವುದಿಲ್ಲ. ಸಮುದ್ರದ ಎದುರಿಗೇ ಮನೆಯಿರುವವರು ಗಾಳಿ ನಿಂತೊಡನೆ ಎಲೆಗಳಿಗೆಲ್ಲ ಸಿಹಿನೀರು ಚಿಮುಕಿಸಿ ಉಪ್ಪು ತೊಳೆಯಬೇಕು.

ಇನ್ನು ಏನು ಬೆಳೆಯಬೇಕು. ಮೊದಲು, ಏನನ್ನು ಕುರಿತು ತಲೆ ಕೆಡಿಸಿಕೊಳ್ಳಬಾರದು ಎಂದು ಹೇಳಿಬಿಡುತ್ತೇನೆ. ನಮ್ಮ ಉತ್ತರ ಕರ್ನಾಟಕದ ಬಂಧುಗಳು 'ಪುಂಡಿಪಲ್ಯ ಸಿಗುವುದಿಲ್ಲ' ಎಂದು ಹಲುಬುವುದನ್ನು ಕೇಳಿದ್ದೇನೆ. ಸ್ವಾಮಿ, ಇಲ್ಲಿನವರ ಗೋಂಗೂರ ಅದೇ ಅಲ್ಲವೆ! ಬಸಳೆಗೆ ಬಚ್ಚಲಿ ಎನ್ನುತ್ತಾರೆ, ದಂಟಿಗೆ ತೋಟಕೂರ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆಯ ಹತ್ತಿರದ ನೆಂಟನೇ ಇಲ್ಲಿಯ ದುಂಡು ಹಳದಿ ದೋಸಕಾಯಿ. ಇವೆಲ್ಲ ಎಂ.ವಿ.ಪಿ. ಕಾಲನಿಯ ರೈತು ಬಜಾರಿನಲ್ಲಿ ರಾಶಿಯಾಗಿ ಸಿಗುವಾಗ ಇರುವ ನಾಲ್ಕು ಕುಂಡವನ್ನು ಅವಕ್ಕೆ ಕೊಡುವುದು ದುಂದು. ಸೀಮೆಬದನೆಯಂತೂ ಇಲ್ಲಿ 'ಬೆಂಗಳೂರು ವಂಕಾಯ' ಎಂದು ನಮ್ಮ ಊರಿನ ಹೆಸರನ್ನೇ ಹೊತ್ತುಕೊಂಡಿದೆ. ಹೆಸರಿಗೆ ಮರುಳಾಗಿ ಅದರ ಬಳ್ಳಿ ಹಾಕಬೇಡಿ. ಅದಕ್ಕೆ ತಂಪು ಸೀಮೆಯೇ ಬೇಕು, ಬಳ್ಳಿ ಹಬ್ಬಿ ಫಲಕ್ಕೆ ಬರುವ ಮೊದಲೇ ಇಲ್ಲಿಯ ಚಳಿ ತೀರಿಹೋಗುತ್ತದೆ.

ಬಜಾರಿನಲ್ಲಿ ದೊರೆಯದ್ದನ್ನು, ದೊರೆತರೂ ನಮ್ಮ ರುಚಿಗೆ ಬಾರದ್ದನ್ನು ಬೆಳೆಯಿರಿ. ಎಳೆಯ ಹುರುಳಿಕಾಯಿ, ಸಬ್ಬಸಿಗೆ, ಉಡುಪಿಯವರಿಗೆ ಮಟ್ಟುಗುಳ್ಳ. ಮಟ್ಟುಗುಳ್ಳಕ್ಕೆ ೨೦೧೧ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಬಂದಿದೆ, ಅದೂ ಕಡಲ ಪಕ್ಕದ ಊರಿನದು, ಮಳೆ ಮುಗಿದ ಮೇಲೆ ಬೆಳೆಯುವಂಥದ್ದು. ಇಲ್ಲಿ ಬೆಳೆದದ್ದಕ್ಕೆ ಆ ಹೆಸರು ಸಲ್ಲುವುದೋ ಇಲ್ಲವೋ, ಬೋಳುಹುಳಿಗಂತೂ ಸಲ್ಲುತ್ತದೆ. ಬ್ಯಾಡಗಿ ಮೆಣಸು ಹಾಕುವವರಿಗೆ ಒಂದು ಎಚ್ಚರಿಕೆ. ಪಕ್ಕದ ಮಾಳಿಗೆಯಲ್ಲಿ ಗುಂಟೂರು ಮೆಣಸಿದ್ದರೆ ಈ ವರ್ಷದ ಕಾಯಿಗೆ ಏನೂ ಆಗದು. ಅದರ ಬೀಜ ತೆಗೆದಿಟ್ಟು ಮರುವರ್ಷ ಹಾಕಿದರೆ ಮಾತ್ರ ಬಣ್ಣ ಬ್ಯಾಡಗಿಯದಾದರೂ ಖಾರ ಗುಂಟೂರಿನದಾಗಬಹುದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅವರೆ. ಅವರೆಯ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ಅಧ್ಯಕ್ಷರು ಗಂಟೆ ಬಾರಿಸಬಾರದು.

ನಮ್ಮ ಹಳೆಯ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂವು ಬಿಡುವ ಗಿಡ. ಫೆಬ್ರವರಿಯಲ್ಲಿ ಹಾಕಿದರೆ ಬೇಸಿಗೆ ಮಳೆಗಾಲವೆಲ್ಲ ಬರಿಯ ಎಲೆ ಬಳ್ಳಿಯಾಗಿ ಹಬ್ಬುತ್ತಾ ಕೂತಿರುತ್ತದೆ. ಊರಿನಲ್ಲಿ ಮುಂಗಾರಿನಲ್ಲಿ ರಾಗಿಯ ಸಾಲಿನ ನಡುವೆ ಹಾಕಿ ಮಾಗಿಯಲ್ಲಿ ಕೀಳುತ್ತಿದ್ದದ್ದು ಇದಕ್ಕಾಗಿಯೇ. ಆದರೆ ನವೆಂಬರಿನಲ್ಲಿ ಹಾಕಿದರೆ ಒಂದು ಅನುಕೂಲವುಂಟು. ಹಗಲು ಆಗಲೇ ಕಿರಿದಾಗಿರುತ್ತದೆ, ಡಿಸೆಂಬರಿನಲ್ಲಿ ೧೧ ಗಂಟೆಯ ಸುಮಾರಿಗೆ ಇಳಿಯುತ್ತದೆ. ಗಿಡ ಹೆಚ್ಚು ಬೆಳೆಯದೆ ಕುಳ್ಳಾಗಿದ್ದಾಗಲೇ ಹೂವಿಗೆ ಬರುತ್ತದೆ. ಹೊಲದಲ್ಲಾದರೆ ಇದು ನಷ್ಟ, ಕುಂಡದಲ್ಲಿ ಇದೇ ಲಾಭ. ಇನ್ನೂ ನಿಶ್ಚಿಂತೆ ಬೇಕೆನ್ನುವವರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹೊರತಂದಿರುವ ಹೆಬ್ಬಾಳ ಅವರೆ ೩ ಮತ್ತು ೪, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಜಯ, ಅರ್ಕ ವಿಜಯ ತಳಿಗಳಿವೆ. ಇವು ಹಗಲಿನ ಉದ್ದವನ್ನು ಲಕ್ಷಿಸದೆ ಹೂವು ಬಿಡುವ ಗಿಡ್ಡ ಜಾತಿಗಳು. ನವೆಂಬರ್ ಒಂದಕ್ಕೆ ಊರಿದರೆ ಸಂಕ್ರಾಂತಿಯ ಆಸುಪಾಸಿಗೆ ಹಿಸುಕಿದ ಅವರೆ. ಸೊಗಡು ಮಾತ್ರ ನಾಟಿ ಅವರೆಗೆ ಇರುವಷ್ಟು ಇವಕ್ಕೆ ಇಲ್ಲವೆಂಬುದು ನಮ್ಮ ತಾಯಿಯವರ ತೀರ್ಪು. ಅದರ ಮೇಲೆ ಅಪೀಲು ಇಲ್ಲ.

ತಾಯಿಯವರ ಮಾತು ಬಂದದ್ದರಿಂದ ಹೇಳುತ್ತೇನೆ. ಅವರು ಅರಸೀಕೆರೆಯ ಕಡೆಯವರು. ನಮ್ಮ ತಂದೆಯವರು ತೀರಿಕೊಂಡ ಮೇಲೆ ಹಳ್ಳಿಯ ಮನೆಗೆ ಬೀಗ ಹಾಕಿ ನನ್ನೊಡನೆ ಬಂದರು. ಮೂರನೆಯ ಅಂತಸ್ತಿನ ಮನೆ, ತೆಲುಗು ಒಂದಕ್ಷರ ಬಾರದು. ನಾವಿಬ್ಬರೂ ಕೆಲಸಕ್ಕೆ, ಮಗು ಶಾಲೆಗೆ ಹೋದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಅವರ ಬಾಯಿಂದ ಒಂದು ಮಾತು ಹೊರಡುವ ಸಂದರ್ಭವೇ ಇರಲಿಲ್ಲ. ಮೊದಲ ವರ್ಷದಲ್ಲಿ "ನನ್ನನ್ನು ಊರಿಗೆ ಕಳಿಸಿಬಿಡಪ್ಪ" ಎಂದು ಮೂರು ಸಲ ಕೇಳಿದರು. ಮರುವರ್ಷ ಬಾಲ್ಕನಿಯ ಸರಳಿನ ಪಕ್ಕ ಆರು ಬಕೆಟ್ಟುಗಳಲ್ಲಿ ಅವರೆ ಹಾಕಿದೆವು. ಡಿಸೆಂಬರಿನಲ್ಲಿ ಹೂವು ಬಿಟ್ಟದ್ದು ಎದುರುಮನೆಯ ಹೆಂಗಸಿನ ಕಣ್ಣಿಗೆ ಬಿತ್ತು. ಆಕೆ ಬಂದು ಬೊಟ್ಟುಮಾಡಿ ಏನೋ ಕೇಳಿದರು. ನಮ್ಮ ತಾಯಿ "ಅವರೆ, ಅವರೆ" ಎಂದರು. ತೆಲುಗಿನಲ್ಲಿ 'ಎವರೇ' ಎಂದರೆ 'ಯಾರೇ ನೀನು' ಎಂದು ಅರ್ಥ. ಆ ಸಾಧ್ವಿ ತಮ್ಮ ಹೆಸರು, ಯಜಮಾನರ ಹೆಸರು, ಮನೆಯ ನಂಬರು ಎಲ್ಲವನ್ನೂ ಒಪ್ಪಿಸಿದರಂತೆ! ಅಂದು ಶುರುವಾದ ಮಾತು ಇಂದಿಗೂ ನಿಂತಿಲ್ಲ. ಅವರು ಚಿಕ್ಕುಡು ಎನ್ನುತ್ತಾರೆ, ಇವರು ಅವರೆ ಎನ್ನುತ್ತಾರೆ, ಇಬ್ಬರೂ ಒಂದೇ ಮೊರದ ಮುಂದೆ ಕುಳಿತು ಸುಲಿಯುತ್ತಾರೆ. ನಮ್ಮ ತಾಯಿಗೆ ಈಗ ಬರುವ ತೆಲುಗೆಲ್ಲ ತರಕಾರಿಯ ತೆಲುಗೇ. ಊರಿಗೆ ಕಳಿಸು ಎನ್ನುವ ಮಾತು ಹೋಯಿತೆಂದಲ್ಲ. "ಅವರೆ ಮುಗಿದ ಮೇಲೆ ಕಳಿಸು" ಎನ್ನುತ್ತಾರೆ.

ಇಲ್ಲಿ ಕುಳಿತಿರುವ ಅನೇಕರ ಮನೆಗಳಲ್ಲಿ ಇಂಥ ತಾಯಂದಿರು ಇದ್ದಾರೆ. ಅವರಿಗೆ ಈ ಕೆಲಸ ನಮಗಿಂತ ಚೆನ್ನಾಗಿ ಗೊತ್ತು. ಅವರನ್ನು ಕೇಳಿ ಮಾಡಿರಿ. ತಾರೀಖು ಮಾತ್ರ ಈ ಊರಿನದಿರಲಿ.

ಜಾಗದ ಮಾತು. ದಕ್ಷಿಣಾಯನದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಡಿಸೆಂಬರ್ ಕಡೆಯಲ್ಲಿ ನಡುಮಧ್ಯಾಹ್ನವೂ ವಿಶಾಖಪಟ್ಟಣದಲ್ಲಿ ಅವನು ಏರುವುದು ೪೯ ಡಿಗ್ರಿಯಷ್ಟೇ. ಆದ್ದರಿಂದ ಮೇ ತಿಂಗಳಲ್ಲಿ ನೆರಳಾಗಿರುವ ದಕ್ಷಿಣದ ಬಾಲ್ಕನಿಗೆ ಈ ಕಾಲದಲ್ಲಿ ಬಿಸಿಲು ಒಳಗಿನವರೆಗೆ ಬರುತ್ತದೆ. ಉತ್ತರದ ಬಾಲ್ಕನಿಗೆ ಏನೂ ಬಾರದು. ಅಲ್ಲಿ ಕುಂಡ ಇಟ್ಟು ಗಿಡವನ್ನು ಬೈಯಬೇಡಿ. ಮಾಳಿಗೆಯಾದರೆ ಮನೆಯ ಯಜಮಾನರ ಭಯ ಒಂದುಂಟು, ಸೋರುತ್ತದೆ, ಭಾರವಾಗುತ್ತದೆ ಎಂದು. ಭಯ ನ್ಯಾಯವಾದದ್ದೇ. ಇಪ್ಪತ್ತು ಲೀಟರಿನ ಬಣ್ಣದ ಬಕೆಟ್ಟಿನಲ್ಲಿ ಬರಿಯ ಮಣ್ಣು ತುಂಬಿ ನೀರು ಹೊಯ್ದರೆ ಮೂವತ್ತು ಕಿಲೋ ದಾಟುತ್ತದೆ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿರಿ, ತೂಕ ಇಳಿಯುತ್ತದೆ. ಬಕೆಟ್ಟುಗಳನ್ನು ಇಟ್ಟಿಗೆಯ ಮೇಲೆ ಕೂರಿಸಿದರೆ ಕೆಳಗೆ ಗಾಳಿಯಾಡಿ ತಾರಸಿ ಒಣಗಿರುತ್ತದೆ. ಕೆಮ್ಮಣ್ಣಿಗೆಂದು ಭೀಮುನಿಪಟ್ಟಣದ ದಾರಿಯ ಎರ್ರಮಟ್ಟಿ ದಿಬ್ಬಗಳ ಕಡೆ ಚೀಲ ಹಿಡಿದು ಹೊರಡಬೇಡಿ. ಅದು ಭೂವಿಜ್ಞಾನದ ಪಾರಂಪರಿಕ ತಾಣ. ಸಮುದ್ರದ ಮರಳೂ ಬೇಡ, ಉಪ್ಪು. ಬೋರಿನ ನೀರು ಬಾಯಿಗೆ ಉಪ್ಪೆನಿಸುವ ಮನೆಯವರು ಹುರುಳಿಕಾಯಿಯ ಆಸೆ ಬಿಟ್ಟು ಪಾಲಕ, ಬೀಟ್‌ರೂಟುಗಳನ್ನು ಹಾಕಿಕೊಳ್ಳಲಿ, ಅವು ತಾಳುತ್ತವೆ.

ವಿಜಯವಾಡದ ಮಿತ್ರರಿಗೆ ಎರಡು ಮಾತು. ನಿಮ್ಮದು ಬಹುತೇಕ ಎರೆಮಣ್ಣು. ಕುಂಡದಲ್ಲಿ ಒಣಗಿದರೆ ಬಿರಿಯುತ್ತದೆ, ನೆನೆದರೆ ಅಂಟಾಗುತ್ತದೆ. ಅರ್ಧಕ್ಕರ್ಧ ಹೊಳೆಯ ಮರಳು ಮತ್ತು ಗೊಬ್ಬರ ಬೆರೆಸದೆ ಉಪಯೋಗಿಸಬೇಡಿ. ಕಡಲಗಾಳಿಯ ತಂಪು ನಿಮಗೆ ಇಲ್ಲದ ಕಾರಣ ಬಿಸಿಲು ನಮಗಿಂತ ಬೇಗ ಕಾಯುತ್ತದೆ. ನವೆಂಬರ್ ೧ ಎಂಬುದು ನಿಮ್ಮ ಪಾಲಿಗೆ ಇನ್ನೂ ಕಟ್ಟುನಿಟ್ಟು. ೨೦೨೪ರ ಸೆಪ್ಟೆಂಬರ್ ಮೊದಲಲ್ಲಿ ಬುಡಮೇರು ಉಕ್ಕಿ ಸಿಂಗ್‌ನಗರದ ಕಡೆ ನೀರು ನಿಂತದ್ದನ್ನು ಯಾರೂ ಮರೆತಿಲ್ಲ. ಹಾಗೆ ಚರಂಡಿಯ ನೀರು ಹೊಕ್ಕ ಹಿತ್ತಿಲಲ್ಲಿ ಮೇಲಿನ ಕೆಸರನ್ನು ತೆಗೆದು ಬಿಸಿಲಿಗೆ ಬಿಡಬೇಕು. ಆ ಚಳಿಗಾಲದಲ್ಲಿ ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗಳನ್ನು ಅಲ್ಲಿ ಹಾಕದೆ, ಬೇಯಿಸಿ ಉಣ್ಣುವ ಬದನೆ, ಅವರೆಗಳನ್ನೇ ಹಾಕುವುದು ಕ್ಷೇಮ.

ಬೀಜದ ವಿಷಯದಲ್ಲಿ ನನ್ನ ಕಸುಬಿಗೆ ಹತ್ತಿರವಾದ ಒಂದು ಸೂತ್ರವುಂಟು. ಬೀಜದೊಳಗಿನ ತೇವ ಶೇಕಡಾ ಒಂದರಷ್ಟು ಇಳಿದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ. ಇಟ್ಟ ಜಾಗದ ಶಾಖ ಐದು ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ. ಇದು ಚಕ್ರಬಡ್ಡಿಯೇ ಸರಿ. ಇಲ್ಲಿಯ ಕಡಲ ಹವೆಯಲ್ಲಿ ಕಾಗದದ ಪೊಟ್ಟಣದಲ್ಲಿಟ್ಟ ಬೀಜಕ್ಕೆ ಇದೇ ಲೆಕ್ಕ ತಿರುಗಿ ಬೀಳುತ್ತದೆ. ನಮ್ಮ ಅಜ್ಜಿಯಂದಿರು ಬೂದಿ ಬೆರಸಿ ಸೋರೆಬುರುಡೆಯಲ್ಲಿ ತುಂಬಿ ಒಲೆಯ ಮೇಲ್ಗಡೆ ಕಟ್ಟುತ್ತಿದ್ದದ್ದು ತೇವ ತಡೆಯಲಿಕ್ಕೇ. ನಾವು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯ ಗಂಟಿನೊಡನೆ ಹಾಕಿ ಫ್ರಿಜ್ಜಿನಲ್ಲಿ ಇಡಬಹುದು. ಹೊರತೆಗೆದ ಮೇಲೆ ಸೀಸೆ ಕೋಣೆಯ ಹದಕ್ಕೆ ಬರುವವರೆಗೆ ಮುಚ್ಚಳ ತೆರೆಯಬಾರದು. ತೆರೆದರೆ ಒಳಗೆಲ್ಲ ಬೆವರು. ಹಾಕುವ ವಾರದ ಮುಂಚೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಣಿಸಿ. ಎಂಟು ಮೊಳೆತರೆ ಉತ್ತಮ. ಐದು ಮೊಳೆತರೆ ಇಮ್ಮಡಿ ಹಾಕಿರಿ. ಮೂರಾದರೆ ಹೊಸ ಬೀಜ ತರಿಸಿರಿ.

ಸಸಿಮಡಿಯಲ್ಲಿ ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಹಾಕಿದರೆ ಸಾಕು. ದಂಟಿನ ಬೀಜದಂಥ ಸಣ್ಣದನ್ನು ಮರಳಿನಲ್ಲಿ ಬೆರಸಿ ಉದುರಿಸಿ. ಕೊತ್ತಂಬರಿಯನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ. ನೀರನ್ನು ಬೆಳಿಗ್ಗೆ ಹಾಕಿರಿ, ಸಂಜೆ ಬೇಡ. ರಾತ್ರಿ ತೇವ ನಿಂತರೆ ಸಸಿಯ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಎಲ್ಲವೂ ಮಲಗಿಬಿಡುತ್ತವೆ; ಇಲ್ಲಿಯ ಹವೆಯಲ್ಲಿ ಸಸಿಗಳು ಸಾಯುವುದು ಬಾಯಾರಿಕೆಯಿಂದಲ್ಲ, ಅತಿ ಉಪಚಾರದಿಂದ. ಮೊಳಕೆ ಕಂಡ ದಿನದಿಂದಲೇ ಬಿಸಿಲಿಗೆ ಇಡಿ, ನೆರಳಿನಲ್ಲಿಟ್ಟರೆ ದಾರದಂತೆ ಉದ್ದವಾಗುತ್ತವೆ. ನಾಟಿಯ ಹಿಂದಿನ ವಾರ ನೀರು ಕಡಮೆ ಮಾಡಿ ಗಟ್ಟಿಗೊಳಿಸಿ, ಸಂಜೆ ಹೊತ್ತು ನೆಡಿ. ಅವರೆ, ಹುರುಳಿಕಾಯಿ, ಮೂಲಂಗಿಗಳಿಗೆ ಸಸಿಮಡಿ ಬೇಡ, ಕುಂಡಕ್ಕೇ ಊರಿರಿ. ಮೆಂತ್ಯವನ್ನು ಹದಿನೈದು ದಿನಕ್ಕೊಂದು ತಟ್ಟೆಯಂತೆ ಹಾಕಿಕೊಂಡರೆ ಚಳಿಗಾಲವೆಲ್ಲ ಸೊಪ್ಪು ತಪ್ಪದು. ಅವರೆ ಮಾತ್ರ ಹನ್ನೆರಡು ಗಿಡಕ್ಕೆ ಕಡಮೆ ಹಾಕಬೇಡಿ. ಎರಡು ಗಿಡ ಕಣ್ಣಿಗೆ ಚೆಂದ, ಸಾರಿಗೆ ಸಾಲದು.

"ಇನ್ನೇನು ವರ್ಗವಾಗುತ್ತದೆ, ಗಿಡ ಹಾಕಿ ಯಾರಿಗೆ?" ಎನ್ನುವವರಿಗೆ ಒಂದು ಲೆಕ್ಕ. ನಮ್ಮ ಬ್ಯಾಂಕುಗಳಲ್ಲಿ ವರ್ಗದ ಹುಕುಂ ಬರುವುದು ಸಾಮಾನ್ಯವಾಗಿ ಮಾರ್ಚಿಯ ಲೆಕ್ಕ ಮುಗಿದ ಮೇಲೆ. ಈ ತೋಟವೂ ನವೆಂಬರಿನಲ್ಲಿ ಖಾತೆ ತೆರೆದು ಮಾರ್ಚ್ ೩೧ರೊಳಗೆ ಮುಚ್ಚತಕ್ಕದ್ದೇ. ಯಾವ ಹುಕುಮಿಗೂ ಸಿಕ್ಕುವುದಿಲ್ಲ. ಬಕೆಟ್ಟು ನೆರೆಯವರಿಗೆ, ಬೀಜದ ಸೀಸೆ ನಮ್ಮ ಜೊತೆಗೆ.

ಕಡೆಯದಾಗಿ ಒಂದು ಕೋರಿಕೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿ ಬರೆಯುತ್ತವೆ. ಕನ್ನಡ ಮಾತನಾಡುತ್ತವೆ, ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಪ್ರತಿ ಕುಂಡಕ್ಕೂ ಹೆಸರಿನ ಚೀಟಿ ಬರೆಯುವ ಕೆಲಸವನ್ನು ಎಂಟು ವರ್ಷದ ಮಗಳಿಗೆ ವಹಿಸಿದ್ದೇವೆ. 'ಬದನೆ'ಯಲ್ಲಿ ತೊಡಕಾಗಲಿಲ್ಲ, 'ಹುರುಳಿಕಾಯಿ'ಯ ಳಕಾರಕ್ಕೆ ಎರಡು ಚೀಟಿ ಹರಿದವು, ಮೂರನೆಯದು ಸರಿಯಾಯಿತು. ಈ ಸಲ ರಾಜ್ಯೋತ್ಸವದ ಸಭೆಗೆ ಪ್ರತಿ ಮನೆಯವರೂ ತಮ್ಮಲ್ಲಿರುವ ಬೀಜವನ್ನು ಲಕೋಟೆಯಲ್ಲಿ ಹಾಕಿ, ಬೀಜದ ಹೆಸರು, ತಂದ ಊರು, ಕೊಯ್ದ ತಿಂಗಳು ಇಷ್ಟನ್ನೂ ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಬರೆಯಿಸಿ ತರಬೇಕು. ಫೆಬ್ರವರಿಯಲ್ಲಿ ಒಂದು ಅವರೆ ಗಿಡವನ್ನು ಕೀಳದೆ ಹಾಗೇ ಒಣಗಲು ಬಿಟ್ಟರೆ ಮುಂದಿನ ವರ್ಷಕ್ಕೆ ಕೊಡಲು ನಿಮ್ಮಲ್ಲೂ ಬೀಜ ಇರುತ್ತದೆ.

ಹೆಬ್ಬಾಳ ಅವರೆಯ ಪೊಟ್ಟಣಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ, ಒಂದೊಂದರಲ್ಲಿ ಹದಿನೈದು ಕಾಳುಂಟು. ಕಾಫಿ ಕುಡಿದು ಹೋಗುವಾಗ ಮನೆಗೆ ಒಂದರಂತೆ ತೆಗೆದುಕೊಳ್ಳಿ. ವಿಜಯವಾಡದವರು ಮಾತ್ರ ಎರಡೆರಡು ತೆಗೆದುಕೊಳ್ಳಬೇಕು, ಇವತ್ತು ಬರಲಾಗದ ಮನೆಗಳಿಗೂ ಮುಟ್ಟಿಸುವುದಿದೆ.